ಬಟ್ಟಲಿನ ಅಂಚಿನ ಬರಹ

ನಮ್ಮ ಅಡುಗೆಮನೆಯಲ್ಲಿ ಒಂದು ಬಿಳಿ ಬಟ್ಟಲಿದೆ. ಸಿಂಗಪುರದ ಬುಕಿತ್ ಬಾಟೋಕ್‌ನ ಬ್ಲಾಕುಗಳ ಕೆಳಗಿನ ಯಾವ ಸಾಮಾನಿನ ಅಂಗಡಿಗೆ ಹೋದರೂ ಸಿಗುವಂಥದ್ದು. ನೂಡಲ್ಸ್ ತಿನ್ನಲು ಮಾಡಿದ ಮೆಲಮೈನ್ ಬಟ್ಟಲು. ಕೈತಪ್ಪಿ ಬಿದ್ದರೆ ಒಡೆಯುವುದಿಲ್ಲ, ನೆಲದ ಮೇಲೆ ಸ್ವಲ್ಪ ಹೊತ್ತು ಕುಣಿದು ಸುಮ್ಮನಾಗುತ್ತದೆ. ಅದರ ಒಳ ಅಂಚಿನ ಸುತ್ತ ಕಪ್ಪು ಮಾರ್ಕರ್‌ನಿಂದ ಒಂದು ಸಾಲು ಬರೆದಿದೆ. ನೆಟ್ಟಗೆ ನಿಂತ ಕಡ್ಡಿಗಳು, ಬುಡದಲ್ಲಿ ಕೊಕ್ಕೆ, ಅಲ್ಲೊಂದು ಗಂಟು, ಮತ್ತೆ ಖಾಲಿ ಬಿಳುಪು. ಎಷ್ಟು ತಿಕ್ಕಿದರೂ ಹೋಗದ ಮಾರ್ಕರ್. ನಾನು ತಿಕ್ಕಿಯೂ ಇದ್ದೇನೆ, ಸುಳ್ಳು ಯಾಕೆ ಹೇಳಲಿ. ಮೊದಲ ಸಲ ಅದು ಸಿಂಕ್‌ನಲ್ಲಿ ಕಂಡಾಗ ಯಾವುದೋ ಕೊಳೆ ಎಂದುಕೊಂಡು ಸ್ಟೀಲ್ ಜುಂಗು ಹಿಡಿದು ಹತ್ತು ನಿಮಿಷ ತಿಕ್ಕಿದೆ. ನನ್ನ ಹೆಂಡತಿ ಗಿರಿಜಾ ಓಡಿ ಬಂದು ಬಟ್ಟಲು ಕಸಿದುಕೊಂಡಳು.

"ಸಾವಿರ ವರ್ಷದ ಸಾಮಾನು ತಿಕ್ಕಲಾಕತ್ತೀರಲ್ರೀ!"

"ಮೊನ್ನೆ ತಂದದ್ದಲ್ಲೇನು ಇದು?"

"ಬಟ್ಟಲ ಮೊನ್ನೇದು. ಅಂಚಿನ ಡಿಸೈನ್ ಸಾವಿರ ವರ್ಷದ್ದು."

ಈ ನಾಗರಪಂಚಮಿ ಬಂದರೆ ಗಿರಿಜಾ ಹೋಗಿ ಒಂದು ವರ್ಷ. ಬಟ್ಟಲು ಹಾಗೇ ಇದೆ. ನಾನು ಅದರಲ್ಲಿ ಮೊಸರನ್ನ ಕಲಸಿಕೊಂಡು ತಿನ್ನುತ್ತೇನೆ. ಅನ್ನ ಖಾಲಿಯಾದಂತೆ ಅಂಚಿನ ಸಾಲು ಮೇಲೆದ್ದು ನಿಲ್ಲುತ್ತದೆ. ಮೊದಮೊದಲು ಅದನ್ನು ನೋಡಿದರೆ ಅಳು ಬರುತ್ತಿತ್ತು. ಈಗ ಸಿಟ್ಟು ಬರುತ್ತದೆ. ಯಾರ ಮೇಲೆ ಎಂಬುದನ್ನು ಹೇಳಲು ಸ್ವಲ್ಪ ಸುತ್ತು ಬಳಸಿ ಬರಬೇಕು, ನೀವು ತಾಳ್ಮೆ ಮಾಡಬೇಕು.

ಗಿರಿಜಾ ಹುಮನಾಬಾದಿನವಳು. ಬೀದರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಓದಿದವಳು. ಇಲ್ಲಿಗೆ ಬಂದ ಹೊಸತರಲ್ಲಿ ಲಿಫ್ಟಿನಲ್ಲಿ ಯಾರಾದರೂ ಇಂಗ್ಲಿಷಿನಲ್ಲಿ ಮಾತಾಡಿಸಿಯಾರು ಎಂದು ಆರು ಮಹಡಿ ನಡೆದು ಹತ್ತುತ್ತಿದ್ದಳು. ಮಗ ಕಾರ್ತಿಕ್ ದೊಡ್ಡವನಾದ, ರಾಫೆಲ್ಸ್ ಪ್ಲೇಸ್‌ನ ಬ್ಯಾಂಕೊಂದರಲ್ಲಿ ಕೆಲಸ ಹಿಡಿದ, ಗೆಳೆಯರ ಜೊತೆ ಕಾಂಡೋಗೆ ಶಿಫ್ಟ್ ಆದ. ಮನೆಯಲ್ಲಿ ಇದ್ದಕ್ಕಿದ್ದಂತೆ ಕೆಲಸ ಕಮ್ಮಿಯಾಯಿತು. ಒಂದು ದಿನ ಲೈಬ್ರರಿಯಿಂದ ಒಂದು ಚೀಟಿ ತಂದಳು. ಊರ ನಡುವಿನ ಒಂದು ಮ್ಯೂಸಿಯಂಗೆ ಸಂಬಳವಿಲ್ಲದ ಗೈಡುಗಳು ಬೇಕಂತೆ, ಅವರೇ ಕಲಿಸುತ್ತಾರಂತೆ.

"ಹೋಗಲೇನ್ರೀ?"

"ಹೋಗು. ಎ.ಸಿ. ಇರತದ" ಅಂದೆ.

ಅವಳಿಗೆ ಸಿಕ್ಕಿದ್ದು ಪರ್ಷಿಯಾದ ಕೋಣೆ. ಹಳೆಯ ಕಾಲದ ಮಣ್ಣಿನ ಬಟ್ಟಲುಗಳು, ಗೋಡೆಗೆ ಕೂರಿಸುತ್ತಿದ್ದ ನಕ್ಷತ್ರದಾಕಾರದ ಬಿಲ್ಲೆಗಳು, ಬೆಳ್ಳಿ ಕೂರಿಸಿದ ಹಿತ್ತಾಳೆಯ ಹೂಜಿಗಳು. ತಿಂಗಳಿಗೊಂದು ಶನಿವಾರ ಹನ್ನೊಂದು ಗಂಟೆಗೆ ಅವಳ ಟೂರು. ಹಿಂದಿನ ದಿನ, ಶುಕ್ರವಾರ ಸಂಜೆ, ನಮ್ಮ ಊಟದ ಮೇಜಿನ ಮೇಲೆ ರಿಹರ್ಸಲ್. ತಾಮ್ರದ ತಂಬಿಗೆಯೇ ಖೊರಾಸಾನದ ಹೂಜಿ. ಇಡ್ಲಿ ತಟ್ಟೆಯೇ ನಕ್ಷತ್ರದ ಬಿಲ್ಲೆ. ಉಪ್ಪಿನಕಾಯಿ ಭರಣಿ ಕಾಶಾನದಿಂದ ಬಂದದ್ದು. ಬಿಳಿ ಬಟ್ಟಲು ನಿಶಾಪುರದ್ದು. ಅದಕ್ಕೆ ಅಂಚು ಇಲ್ಲದಿದ್ದರೆ ಬಾಯಲ್ಲಿ ಮಾತು ಹೊರಡುವುದಿಲ್ಲ ಎಂದು ಮ್ಯೂಸಿಯಂನಲ್ಲಿ ನಿಂತು ಕಾಗದಕ್ಕೆ ನಕಲು ಮಾಡಿಕೊಂಡು ಬಂದು ಮಾರ್ಕರ್‌ನಲ್ಲಿ ಬರೆದಿದ್ದಳು. ನಾನೊಬ್ಬನೇ ಹದಿನೈದು ಜನ ಪ್ರವಾಸಿಗರು. ಕೈಗೆ ಬೀನ್ಸ್ ಮತ್ತು ಚಾಕು ಕೊಟ್ಟು ಕೂರಿಸುತ್ತಿದ್ದಳು.

"ಇಲ್ಲಿ ನೋಡ್ರಿ, ಈ ಹಕ್ಕಿ. ಮೈ ಹಕ್ಕೀದು, ಮಾರಿ ಹೆಣ್ಮಗಳದು."

"ಹಂಗಾದ್ರ ಸುಮ್ನ ಕೂಡೂದಿಲ್ಲ ಬಿಡು ಅದು."

ಒಂದು ಬೀನ್ಸ್ ಬಂದು ನನ್ನ ಹಣೆಗೆ ಬೀಳುತ್ತಿತ್ತು. ಆಮೇಲೆ ಮೊಲಗಳು, ಒಂದರ ಬಾಲ ಇನ್ನೊಂದರ ಮೂಗಿಗೆ ತಾಗುವ ಹಾಗೆ ಸುತ್ತ ಓಡುವ ನಾಯಿಗಳು, ಎಲ್ಲಿ ಶುರು ಎಲ್ಲಿ ಮುಗಿಯಿತು ಎಂದು ತಿಳಿಯದ ಬಳ್ಳಿ. ಒಂದು ಹೂಜಿಯ ಮೇಲೆ ಅಕ್ಷರಗಳ ತುದಿಗೆ ಮನುಷ್ಯರ ತಲೆಗಳಂತೆ. ಅಕ್ಷರಗಳೇ ಒಬ್ಬರನ್ನೊಬ್ಬರು ನೋಡುತ್ತ ನಿಂತಿವೆಯಂತೆ. ಅವಳಿಗೆ ಇಂಗ್ಲಿಷಿನ ಹೆದರಿಕೆ ಯಾವಾಗ ಹೋಯಿತೋ ಗೊತ್ತಾಗಲಿಲ್ಲ. ಮಾತಿನ ನಡುವೆ ತಟ್ಟನೆ ನಿಲ್ಲಿಸಿ ಪರೀಕ್ಷೆ ಮಾಡುತ್ತಿದ್ದಳು.

"ಕೇಳ್ಲಾಕತ್ತೀರೇನು?"

"ಹ್ಞೂಂ."

"ಏನ್ ಹೇಳ್ದೆ ಹೇಳ್ರಿ ನೋಡಮ್?"

ಗಂಡಸರಿಗೆ ಈ ಪರೀಕ್ಷೆ ಪಾಸಾಗುವ ಒಂದು ಉಪಾಯ ಗೊತ್ತಿರುತ್ತದೆ. ಕಿವಿಯಲ್ಲಿ ಕೊನೆಯ ನಾಲ್ಕು ಪದ ಇನ್ನೂ ತೂಗಾಡುತ್ತಿರುತ್ತವೆ, ಅವನ್ನು ಹಿಡಿದು ವಾಪಸ್ ಕೊಟ್ಟುಬಿಡುವುದು. "ಅದೇ, ಬಿಳಿ ಮಣ್ಣು ಹಚ್ಚಿ ಕರಿ ಬಣ್ಣದಾಗ ಬರದಾರ" ಅನ್ನುತ್ತಿದ್ದೆ. ಅವಳು ಒಂದು ಗಳಿಗೆ ನನ್ನನ್ನು ನೋಡಿ ಮುಂದುವರಿಸುತ್ತಿದ್ದಳು. ನಾನು ಗೆದ್ದೆ ಎಂದುಕೊಂಡು ಬೀನ್ಸ್ ಕತ್ತರಿಸುತ್ತಿದ್ದೆ.

ಟೂರಿಗೆ ಬರುತ್ತೇನೆ ಎಂದು ಎಷ್ಟು ಸಲ ಹೇಳಿದ್ದೆನೋ. ಶನಿವಾರ ಅರ್ಧ ದಿನ ನಮ್ಮ ವರ್ಕ್‌ಶಾಪ್ ಇರುತ್ತದೆ. ಬಾಸ್‌ಗೆ ಹೇಳಿದ್ದರೆ ಬಿಡುತ್ತಿದ್ದ. ಹೇಳಲಿಲ್ಲ. ಐದು ವರ್ಷ ಅವಳು ಟೂರ್ ಮಾಡಿದಳು. ನಾನು ಒಂದಕ್ಕೂ ಹೋಗಲಿಲ್ಲ. ಇದನ್ನು ಬರೆಯುವುದು ಸುಲಭ, ನೋಡಿ, ಒಂದೇ ಸಾಲು.

ನನ್ನ ಕೆಲಸದ ಬಗ್ಗೆ ಹೇಳದೆ ಈ ಕತೆ ಮುಂದೆ ಹೋಗುವುದಿಲ್ಲ. ನಾನು ಅಕ್ಷರ ಕೊರೆಯುವವನು. ಬೀದರಿನಲ್ಲಿ ನಮ್ಮ ಓಣಿಯ ತುದಿಗೆ ಬಿದರಿ ಸಾಮಾನು ಮಾಡುವ ಒಬ್ಬ ಉಸ್ತಾದರಿದ್ದರು. ಶಾಲೆ ಬಿಟ್ಟ ಮೇಲೆ ಅವರ ಅಂಗಳದಲ್ಲಿ ನನ್ನ ಠಿಕಾಣಿ. ಬೂದು ಲೋಹದ ಹೂದಾನಿಯ ಮೇಲೆ ಉಳಿಯಿಂದ ಗೆರೆ ಕೊರೆದು, ಗೆರೆಯೊಳಗೆ ಬೆಳ್ಳಿ ತಂತಿ ಬಡಿದು ಕೂರಿಸಿ, ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕುದಿಸಿದ ನೀರಿನಲ್ಲಿ ಅದ್ದಿದರೆ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತಿತ್ತು. ಯಾವ ಮಣ್ಣಾದರೂ ಆಗುವುದಿಲ್ಲ. ಮಳೆ ಬಿಸಿಲು ಕಾಣದ ಮೂಲೆಯ ಮಣ್ಣು ಬೇಕು. ಉಸ್ತಾದರು ಚಿಟಿಕೆ ಮಣ್ಣು ನಾಲಿಗೆಗೆ ಹಚ್ಚಿ ನೋಡುತ್ತಿದ್ದರು. ನನಗೂ ಹಚ್ಚಿಕೊಳ್ಳಲು ಹೇಳುತ್ತಿದ್ದರು. ನನಗೆ ಅದು ಬರೀ ಮಣ್ಣು. ಅವರು ಕಣ್ಣು ಮುಚ್ಚಿಕೊಂಡು, "ಇದು ಆಗ್ತದ" ಎಂದೋ "ಇದು ಬ್ಯಾಡ" ಎಂದೋ ಹೇಳುತ್ತಿದ್ದರು. ಅಮ್ಮ ಮಾತ್ರ ಮನೆಯಲ್ಲಿ, "ಮುಂಜಾನೆ ರೊಟ್ಟಿ ಬ್ಯಾಡ ಅಂತಾನ, ಸಂಜೀಕ ಮಣ್ಣು ತಿಂದು ಬರ್ತಾನ" ಎಂದು ಬೈಯುತ್ತಿದ್ದಳು.

ಉಸ್ತಾದರು ನನಗೆ ಮೊದಲು ಕಲಿಸಿದ್ದು ಒಂದು ಹೂವು. ಉದ್ದ ಕಾಂಡ, ಬಾಗಿದ ಕುತ್ತಿಗೆ, ಹರಿದ ಅಂಚಿನ ನಾಲ್ಕು ದಳ. ನಮ್ಮ ಊರಿನಲ್ಲಿ ಅಂಥ ಹೂವನ್ನು ನಾನು ನೋಡಿರಲಿಲ್ಲ. "ಇದು ಯಾವ ಹೂವು?" ಎಂದು ಕೇಳಿದೆ. "ನಮ್ಮಪ್ಪ ಕೊರದಿದ್ದ ಹೂವು" ಅಂದರು. ಅವರ ಅಪ್ಪನಿಗೂ ಅವರ ಅಪ್ಪ ಕಲಿಸಿದ್ದಂತೆ. ಅದು ಪರ್ಷಿಯಾದ ಕಡೆಯಿಂದ ಬಂದದ್ದು, ಅಫೀಮಿನ ಗಿಡದ ಹೂವು ಎಂದು ನನಗೆ ಹೇಳಿದವಳು ಎಷ್ಟೋ ವರ್ಷದ ಮೇಲೆ ಗಿರಿಜಾ. ಅವಳು ಹೇಳಿದ್ದರಲ್ಲಿ ನನ್ನ ತಲೆಯೊಳಗೆ ಉಳಿದ ಕೆಲವೇ ಸಂಗತಿಗಳಲ್ಲಿ ಅದೊಂದು, ಅದೂ ನನ್ನ ಹೂವಿನ ಮಾತಾದ್ದರಿಂದ. ಉಸ್ತಾದರು ಮಾತ್ರ, "ಕೈ ಕೆಲಸ ಮಾಡೂವಾಗ ಬಾಯಿ ಯಾಕ ಮಾಡ್ತದ?" ಎಂದು ಗದರಿಸಿದ್ದರು. ಆ ಪಾಠ ನನಗೆ ಚೆನ್ನಾಗಿ ಹತ್ತಿತು. ಬೇಕಾದ್ದಕ್ಕಿಂತ ಚೆನ್ನಾಗಿ.

ಆ ಕೈಯನ್ನೇ ನಂಬಿಕೊಂಡು ಸಿಂಗಪುರಕ್ಕೆ ಬಂದೆ. ಬುಕಿತ್ ಬಾಟೋಕ್‌ನ ಇಂಡಸ್ಟ್ರಿಯಲ್ ಬ್ಲಾಕಿನಲ್ಲಿ ನಮ್ಮ ವರ್ಕ್‌ಶಾಪ್. ಬಹುಮಾನದ ಕಪ್ಪುಗಳು, ಆಫೀಸಿನ ನಾಮಫಲಕಗಳು, ಗೋರಿಗಳಿಗೆ ಹಾಕುವ ಹಿತ್ತಾಳೆ ಫಲಕಗಳು. ಚೀನೀ ಅಕ್ಷರ, ತಮಿಳು, ಮಲಯರ ಅರಬಿ ಲಿಪಿ, ಒಮ್ಮೊಮ್ಮೆ ಜಪಾನೀ. ಯಾವುದೂ ನನಗೆ ಓದಲು ಬರುವುದಿಲ್ಲ. ಬಾಸ್ ಇದನ್ನು ನನ್ನ ದೊಡ್ಡ ಗುಣ ಎಂದು ಹೊಗಳುತ್ತಾನೆ. ಓದಲು ಬರುವವನ ಕಣ್ಣು ತಪ್ಪನ್ನು ತಾನೇ ಸರಿಮಾಡಿಕೊಂಡು ಓಡುತ್ತದೆ. ಓದಲು ಬಾರದವನು ಗೆರೆಗೆ ಗೆರೆ ನೋಡುತ್ತಾನೆ. ಒಂದೇ ಒಂದು ಸಲ ಚೀನೀ ಡಾಕ್ಟರೊಬ್ಬರ ಫಲಕಕ್ಕೆ, ಅಕ್ಷರ ತಲೆಕೆಳಗಾಗುವ ಹಾಗೆ, ತೂತು ಕೊರೆದಿದ್ದೆ. ಅವರ ಕ್ಲಿನಿಕ್ಕಿನ ಬಾಗಿಲಿಗೆ ನಾನೇ ಹೋಗಿ ತಿರುಪು ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು, ಚೆಂದ ಆಗಿದೆ ಎಂದು ತಲೆಯಾಡಿಸಿಯೂ ಇದ್ದೆ. ಸಾಲಿನಲ್ಲಿ ಕೂತ ರೋಗಿಗಳೆಲ್ಲ ನಕ್ಕರು. ನಾನೂ ನಕ್ಕೆ. ಅವರು ಯಾಕೆ ನಗುತ್ತಿದ್ದಾರೆ ಎಂದು ಆಮೇಲೆ ಗೊತ್ತಾಯಿತು.

ಹೋದ ವರ್ಷ ಯುಗಾದಿ ಹೊತ್ತಿಗೆ ಗಿರಿಜಾ ಹೊಟ್ಟೆನೋವು ಅಂದಳು. ನಾಗರಪಂಚಮಿಗೆ ಇರಲಿಲ್ಲ. ನಡುವಿನದನ್ನು ನಾನು ಬರೆಯುವುದಿಲ್ಲ.

ನಮ್ಮದು ಲಿಂಗಾಯತರ ಮನೆ, ಸುಡುವುದಿಲ್ಲ, ಮಣ್ಣು ಮಾಡುತ್ತೇವೆ. ಊರಲ್ಲಾದರೆ ಕೂರಿಸಿ, ಅಂಗೈಯಲ್ಲಿ ಲಿಂಗ ಇಟ್ಟು ಸಮಾಧಿ. ಇಲ್ಲಿಯ ಸ್ಮಶಾನದಲ್ಲಿ ಅಳತೆಗೆ ಕಟ್ಟಿದ ಕಾಂಕ್ರೀಟ್ ಗುಂಡಿ, ಮಲಗಿಸಲೇಬೇಕು. ಮಲಗಿಸಿದೆವು. ಊರಿಂದ ಅವಳ ಅಣ್ಣ ಫೋನಿನಲ್ಲಿ, "ಕೂಡಿಸ್ಲಿಲ್ಲೇನು?" ಎಂದು ಮೂರು ಸಲ ಕೇಳಿದ. ಮತ್ತೆ ಆ ಜಾಗವೂ ಹದಿನೈದು ವರ್ಷಕ್ಕೆ ಮಾತ್ರ, ಆಮೇಲೆ ತೆಗೆಯುತ್ತಾರೆ. ಜಾಗವಿಲ್ಲದ ಊರು, ಏನು ಮಾಡುತ್ತಾರೆ. ಇದನ್ನು ಅವಳ ಅಣ್ಣನಿಗೆ ಹೇಳಲಿಲ್ಲ.

ಫೋನಿಗೆ ಮೆಸೇಜುಗಳು ಬಂದವು. ಒಂದೇ ದಿನ ನೂರಾರು. ಎಲ್ಲವೂ "ಓಂ ಶಾಂತಿ", ಪಕ್ಕದಲ್ಲಿ ಮುಗಿದ ಎರಡು ಕೈ. ಕೆಲವರು ದೀಪದ ಚಿತ್ರ ಕಳಿಸಿದರು. ಒಬ್ಬರು ಅವಸರದಲ್ಲಿ "ಹ್ಯಾಪಿ ಜರ್ನಿ" ಎಂದು ಹಾಕಿ ಅಳಿಸಿದರು. ಮೇಲಿನವರದನ್ನು ಒತ್ತಿ ಹಿಡಿದು, ಕಾಪಿ ಮಾಡಿ, ಕೆಳಗೆ ಅಂಟಿಸುವುದು. ಯಾರೂ ಓದಿ ಕಳಿಸಿದ್ದಲ್ಲ, ಓದಲಿ ಎಂದು ಕಳಿಸಿದ್ದೂ ಅಲ್ಲ. ಅಂಚಿಗೆ ಒಂದು ಡಿಸೈನು ಬೇಕು, ಇಲ್ಲದಿದ್ದರೆ ಗ್ರೂಪು ಬೋಳು ಕಾಣುತ್ತದೆ. ನಾನು ಆ ಸಿಟ್ಟನ್ನು ತಿಂಗಳುಗಟ್ಟಲೆ ಸಾಕಿದೆ. ನಮ್ಮ ಬ್ಲಾಕಿನ ಕೆಳಗಿನ ಖಾಲಿ ಜಾಗ, ವಾಯ್ಡ್ ಡೆಕ್‌ನಲ್ಲಿ ಯಾರಾದರೂ ಪರಿಚಯದವರು ಕಂಡು, "ಗಾಡ್ ಈಸ್ ಗ್ರೇಟ್, ಅಂಕಲ್" ಅಂದರೆ ಲಿಫ್ಟ್ ಬರುವ ತನಕ ಕಾಯದೆ ಮೆಟ್ಟಿಲು ಹತ್ತಿಬಿಡುತ್ತಿದ್ದೆ. ಜನ ಅಕ್ಷರವನ್ನು ಹೀಗೆ ಅಗ್ಗ ಮಾಡುತ್ತಾರಲ್ಲ ಎಂದು ನನ್ನೊಳಗೇ ದೊಡ್ಡ ಭಾಷಣ ನಡೆಯುತ್ತಿತ್ತು. ಅಕ್ಷರದ ಕೆಲಸದವನು ನಾನು, ನನಗೆ ಆ ಹಕ್ಕಿದೆ ಎಂದುಕೊಂಡಿದ್ದೆ.

ಸಮಾಧಿಯ ತಲೆಕಲ್ಲಿಗೆ ಫಲಕ ಹಾಕುವುದು ನನ್ನ ಪಾಲಿಗೆ ಬಂತು. ಇನ್ಯಾರ ಪಾಲಿಗೆ ಬರಬೇಕು? ಎಷ್ಟೋ ಜನರ ಹೆಸರನ್ನು ಕೊರೆದವನು. ವರ್ಷದ ಪೂಜೆಯೊಳಗೆ ಆಗಬೇಕೆಂದು ಎಲ್ಲರೂ ಹೇಳಿದರು. ಹತ್ತು ತಿಂಗಳು ನನ್ನಿಂದ ಆಗಲಿಲ್ಲ. ಹಿತ್ತಾಳೆ ತಗಡು ಕತ್ತರಿಸಿ, ಪಾಲಿಶ್ ಮಾಡಿ, ಪೇಪರು ಸುತ್ತಿ ನನ್ನ ಡ್ರಾಯರಿನಲ್ಲಿ ಇಟ್ಟಿದ್ದೆ. ಅದರ ಮೇಲೆ ಏನು ಹಾಕಬೇಕು? ಸಂಸಾರಕ್ಕೆಂದು ನಾನು ಅವಳಿಗೆ ಮಾಡಿದ್ದು ಬಹಳ ಇರಬಹುದು, ಅವಳದಾದ ಒಂದು ಸಂಗತಿಯನ್ನು ಅವಳಿಗಾಗಿ ಸರಿಯಾಗಿ ಮಾಡಿದ್ದು ಒಂದೂ ನೆನಪಿಗೆ ಬರಲಿಲ್ಲ. ಇದೊಂದಾದರೂ ಸರಿಯಾಗಿ ಆಗಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ.

ಕಾರ್ತಿಕ್ ಭಾನುವಾರ ಬಂದಾಗ, ಇಲ್ಲಿಯವರ ಹಾಗೆ ಮಾತಿನ ತುದಿಗೊಂದು 'ಲಾ' ಹಚ್ಚಿ, ಹೇಳಿದ. "ಅಪ್ಪಾ, ಟೆಂಪ್ಲೇಟ್ ಇರತ್ತಲ್ಲಾ, ಒಂದು ಪಿಕ್ ಮಾಡಿ ಫಿನಿಶ್ ಮಾಡಿ ಲಾ. ಅಮ್ಮ ವೋಂಟ್ ಮೈಂಡ್."

"ಅವಳು ಯಾವುದಕ್ಕೂ ಮೈಂಡ್ ಮಾಡ್ತಿರಲಿಲ್ಲ. ಅದೇ ತೊಂದರೆ" ಅಂದೆ.

ಆ ದಿನ ಮೊಸರನ್ನ ತಿನ್ನುವಾಗ ಹೊಳೆಯಿತು. ಇಷ್ಟು ದಿನ ಕಣ್ಣಮುಂದೆ ಇದ್ದ ಅಂಚು. ಅವಳಿಗೆ ಪ್ರೀತಿಯ ಡಿಸೈನು. ಆ ಕೋಣೆಯ ಎಲ್ಲ ಸಾಮಾನುಗಳಲ್ಲಿ ಅದೇ ತನ್ನದೆಂದು ಹೇಳುತ್ತಿದ್ದಳು, ಇಷ್ಟು ನನಗೆ ನೆನಪಿತ್ತು. ಮೇಲಾಗಿ ಅವಳ ಕೈಬರಹ. ಬಟ್ಟಲು ತೊಳೆದು, ಒರೆಸಿ, ವರ್ಕ್‌ಶಾಪಿಗೆ ಒಯ್ದೆ. ಟ್ರೇಸಿಂಗ್ ಕಾಗದ ಒಳಗೆ ಸುತ್ತಿ ಗೆರೆ ತೆಗೆದೆ. ಮಷಿನ್ ಬೇಡವೆಂದು ಉಳಿ ಹಿಡಿದೆ. ಎಷ್ಟೋ ವರ್ಷದ ಮೇಲೆ ಕೈಯಲ್ಲಿ ಉಳಿ. ದಿನಾ ಕೆಲಸ ಮುಗಿದ ಮೇಲೆ ಒಂದೊಂದು ತಾಸಿನಂತೆ ಹನ್ನೊಂದು ದಿನ ಕೊರೆದೆ. ನಡುವೆ ಕನ್ನಡದಲ್ಲಿ "ಲಿಂಗೈಕ್ಯ ಗಿರಿಜಾ", ಸುತ್ತ ಆ ಅಂಚು. ಅವಳ ಮಾರ್ಕರ್ ಒಂದು ಕಡೆ ನಡುಗಿ ಗೆರೆ ದಪ್ಪವಾಗಿತ್ತು. ಆ ನಡುಕವನ್ನೂ ಬಿಡಲಿಲ್ಲ. ಎಲ್ಲಕ್ಕಿಂತ ಎತ್ತರದ ಕಡ್ಡಿ ಬಲಗಡೆಯ ಮೇಲಿನ ಮೂಲೆಗೆ ಬಂದರೆ ಚೆಂದ ಎಂದು ಅಲ್ಲಿಂದ ಶುರು ಮಾಡಿದ್ದೆ. ಗೆರೆಗಳಿಗೆ ಕಪ್ಪು ತುಂಬಿ ಒರೆಸಿದಾಗ ಬಾಸ್ ಬಂದು ನೋಡಿ, ನನ್ನ ಹೆಗಲು ತಟ್ಟಿ ಹೋದ. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಕೆಲಸ ನಾನು ಮಾಡಿರಲಿಲ್ಲ. ಅದು ನಿಜ, ಈಗಲೂ ಹೇಳುತ್ತೇನೆ.

ಫಲಕ ಮನೆಗೆ ತಂದ ವಾರವೇ ವೀಣಾ ಬಂದಳು. ಬೆಂಗಳೂರಿನ ಹುಡುಗಿ, ಪಾಯಾ ಲೆಬಾರ್‌ನಲ್ಲಿ ಐ.ಟಿ. ಕೆಲಸ, ಗಿರಿಜಾಳ ಜೊತೆಗೇ ಗೈಡ್ ಆದವಳು. ಗಿರಿಜಾಳ ಶನಿವಾರದ ಟೂರನ್ನು ಈಗ ಅವಳೇ ಮಾಡುತ್ತಾಳೆ. ಟೂರಿಗೆಂದು ಗಿರಿಜಾ ಬರೆದಿಟ್ಟ ಕಾರ್ಡುಗಳಿದ್ದರೆ ಬೇಕಿತ್ತು ಎಂದು ಸಂಕೋಚದಿಂದ ಕೇಳಿದಳು. ಕಾರ್ಡುಗಳು ಹೊಲಿಗೆ ಡಬ್ಬಿಯಲ್ಲಿದ್ದವು, ರಬ್ಬರ್ ಬ್ಯಾಂಡ್ ಹಾಕಿ. ನಾನು ಬಿಚ್ಚಿ ನೋಡಿರಲಿಲ್ಲ. ಚಹ ಕೊಟ್ಟೆ. ಆಮೇಲೆ, ಯಾರಿಗಾದರೂ ತೋರಿಸಬೇಕೆನ್ನುವ ಹಂಬಲದಲ್ಲಿ, ಫಲಕ ತಂದು ಅವಳ ಮುಂದೆ ಇಟ್ಟೆ.

ಅವಳು ಬಹಳ ಹೊತ್ತು ನೋಡಿದಳು.

"ಅಂಕಲ್, ವರ್ಕ್ ತುಂಬಾ ಬ್ಯೂಟಿಫುಲ್ ಆಗಿದೆ."

"ಗಿರಿಜಾ ಬರದಿದ್ದು. ನಾ ಬರೇ ಕೊರದೆ."

"ಹೌದು, ಗೊತ್ತಾಯ್ತು. ಆಂಟಿ ಬಟ್ಟಲಿಂದು." ಚಹದ ಲೋಟ ಕೆಳಗಿಟ್ಟಳು. "ಅಂಕಲ್, ಇದನ್ನ ಆಲ್ರೆಡಿ ಫಿಕ್ಸ್ ಮಾಡಿಬಿಟ್ರಾ? ಐ ಮೀನ್, ಇನ್ನೂ ಅಲ್ಲಿ ಹಾಕಿಲ್ಲ ಅಲ್ವಾ?"

"ಇನ್ನ ಇಲ್ಲ. ಯಾಕಮ್ಮಾ?"

"ಏನು ಬರೆದಿದೆ ಅಂತ ನಿಮಗೆ..." ಎಂದು ನಿಲ್ಲಿಸಿದಳು.

"ಬರದದ್ದೇನು? ಅದು ಬಾರ್ಡರ್ ಅಲ್ಲೇನು?"

ವೀಣಾಳ ಮುಖ ಏನೋ ಆಯಿತು. ನಗು ಬಂದು ಅದನ್ನು ಅವಳು ಒತ್ತಿ ಹಿಡಿದಳು ಎಂದು ನನಗೆ ಅನಿಸಿತು, ಆಮೇಲೆ ನೋಡಿದರೆ ಕಣ್ಣಲ್ಲಿ ನೀರು. ಡಬ್ಬಿಯ ಕಾರ್ಡುಗಳನ್ನು ಬಿಚ್ಚಿ, ಒಂದನ್ನು ಹುಡುಕಿ ನನ್ನ ಕೈಗೆ ಕೊಟ್ಟಳು. ಗಿರಿಜಾಳ ದುಂಡಗಿನ ಕನ್ನಡ ಅಕ್ಷರ. ಮೇಲೆ "ಬಿಳಿ ಬಟ್ಟಲ" ಎಂಬ ತಲೆಬರಹ. ಕೆಳಗೆ ಹೀಗಿತ್ತು: "ಇಲ್ಲಿ ನಿಲ್ಲು. ಅವಸರ ಮಾಡಬ್ಯಾಡ. ಅಂಚಿನದು ಹಳೇ ಅರಬಿ ಅಕ್ಷರ. ಏನು ಬರೆದಿರಬಹುದು ಅಂತ ಜನರಿಗೆ ಕೇಳು. ಆಮ್ಯಾಲೆ ಹೇಳು: ಈ ಬಟ್ಟಲಿನ ಒಡೆಯರಿಗೆ ಬರಕತ್ತು, ಆರೋಗ್ಯ, ಸಂತೋಷ, ದೀರ್ಘಾಯುಷ್ಯ ಇರಲಿ. ಒಡೆಯರ ಹೆಸರಿಲ್ಲ. ಯಾರು ಕೊಂಡ್ರೂ ಅವರಿಗೇ ಹಾರೈಕೆ."

ಆರೋಗ್ಯ. ದೀರ್ಘಾಯುಷ್ಯ. ನಾನು ಫಲಕದ ಕಡೆ ನೋಡಿದೆ. ಹದಿನೈದು ವರ್ಷದ ಗುಂಡಿಯ ತಲೆಗೆ ಹಾಕಲು, ಐವತ್ಮೂರಕ್ಕೆ ಹೋದವಳ ಹೆಸರಿನ ಸುತ್ತ, ಹನ್ನೊಂದು ದಿನ ಕೂತು ಕೊರೆದದ್ದು.

"ಇದು ಯಾವುದೋ ದೇವರ ಹೆಸರಿರಬಹುದು ಅಂತ ಅಂದ್ಕೊಂಡಿದ್ದೆ" ಅಂದೆ. ಅದೂ ಸುಳ್ಳು. ನಾನು ಏನೂ ಅಂದುಕೊಂಡಿರಲಿಲ್ಲ.

ಕಾರ್ಡಿನ ಕೊನೆಗೆ ಬೇರೆ ಪೆನ್ನಿನಲ್ಲಿ ಇನ್ನೊಂದು ಸಾಲಿತ್ತು. "ಇಲ್ಲಿ ನಮ್ಮನೆಯವರ ಜೋಕ್."

"ಇದೇನು?" ಎಂದು ಕೇಳಿದೆ.

"ಬೇಡ ಬಿಡಿ ಅಂಕಲ್."

"ಹೇಳಮ್ಮಾ."

ವೀಣಾ ತಲೆ ತಗ್ಗಿಸಿಕೊಂಡು ಹೇಳಿದಳು. "ಆಂಟಿ ಪ್ರತಿ ಟೂರಲ್ಲೂ ಹೇಳೋರು. ಮೈ ಹಸ್ಬೆಂಡ್ ಈಸ್ ಎ ಮ್ಯಾನ್ ಆಫ್ ಲೆಟರ್ಸ್, ದಿನಾ ಎಂಟು ಗಂಟೆ ಅಕ್ಷರ ಕೊರೀತಾರೆ. ಈ ಬಟ್ಟಲಲ್ಲಿ ಏನಿದೆ ಅಂತ ಅವರಿಗೆ ಟ್ವೆಂಟಿ ಟೈಮ್ಸ್ ಹೇಳಿದೀನಿ. ಈಗ್ಲೂ ಹೋಗಿ ಕೇಳಿ, 'ಬಾರ್ಡರ್' ಅಂತಾರೆ. ಎಲ್ಲಾರೂ ಜೋರಾಗಿ ನಗೋರು, ಅಂಕಲ್. ಅದು ಟೂರಿನ ಬೆಸ್ಟ್ ಪಾರ್ಟ್."

ನಾನು ಆಗಷ್ಟೇ ಹೇಳಿದ್ದ ಮಾತು ಅದು. ಅವಳಿಗೆ ನನ್ನ ಉಪಾಯವೆಲ್ಲ ಮೊದಲೇ ಗೊತ್ತಿತ್ತು. ಕೊನೆಯ ನಾಲ್ಕು ಪದ ಹಿಡಿದು ವಾಪಸ್ ಕೊಡುವಾಗ ಅವಳು ನನ್ನನ್ನು ಒಂದು ಗಳಿಗೆ ನೋಡುತ್ತಿದ್ದಳಲ್ಲ, ಆ ಗಳಿಗೆಯಲ್ಲಿ ಅವಳಿಗೆ ಎಲ್ಲ ಕಂಡಿತ್ತು. ಮನೆಯಲ್ಲಿ ಆಡದೆ, ಯಾವ ಯಾವ ದೇಶದಿಂದಲೋ ಬಂದ ಹದಿನೈದು ಜನರ ಮುಂದೆ ಆಡಿದಳು. ಅವರು ಕೇಳಿಸಿಕೊಂಡರು, ನಕ್ಕರು. ಕ್ಲಿನಿಕ್ಕಿನ ರೋಗಿಗಳು ನಕ್ಕಾಗ ನಾನೂ ಜೊತೆಗೆ ನಕ್ಕಿದ್ದೆ. ಇಲ್ಲಿ ನಗಲು ನಾನು ಇರಲೂ ಇಲ್ಲ.

ವೀಣಾ ಸಮಾಧಾನಕ್ಕೆ ಏನೇನೋ ಹೇಳಿದಳು. ಆಂಟಿಗೆ ನಿಮ್ಮ ಮೇಲೆ ತುಂಬಾ ಪ್ರೀತಿ ಅಂದಳು. ಇರಬಹುದು. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಲೋ ಬೇಡವೋ ಎಂದು ಒದ್ದಾಡಿದಳು. ನಾನು ಒತ್ತಾಯ ಮಾಡಿದ ಮೇಲೆ ಹೇಳಿದಳು: ಸಾಲು ನಾನು ಶುರು ಮಾಡಿದ ಕಡೆ ಶುರುವಾಗುವುದಿಲ್ಲವಂತೆ. ಚೆಂದಕ್ಕೆಂದು ನಾನು ಮೂಲೆಗೆ ತಂದ ಎತ್ತರದ ಕಡ್ಡಿ ಆರೋಗ್ಯ ಎನ್ನುವ ಪದದ ನಡುವಿನದಂತೆ. ಆರೋಗ್ಯವನ್ನು ಅರ್ಧಕ್ಕೆ ಕಡಿದು ಮೂಲೆಗೆ ಕೂರಿಸಿದ್ದೆ.

ಕಾರ್ತಿಕ್‌ಗೆ ಫೋನ್ ಮಾಡಿದೆ. ಅವನು ಎಂ.ಆರ್.ಟಿ. ರೈಲಿನಲ್ಲಿದ್ದ. ಎಲ್ಲ ಕೇಳಿಸಿಕೊಂಡ.

"ಲೀವ್ ಇಟ್ ಲಾ, ಅಪ್ಪಾ. ಅಲ್ಲಿ ಯಾರು ಓದ್ತಾರೆ? ನೋಡೋಕೆ ಚೆನ್ನಾಗಿದೆ ಅಲ್ಲಾ, ಸಾಕು."

ಅವನ ಮೇಲೆ ಸಿಟ್ಟು ಬರಲಿಲ್ಲ. ಅವನು ನನ್ನ ಮಗ, ನನ್ನ ಹಾಗೇ ಮಾತಾಡಿದ. ಒಂದು ಕ್ಷಣ ನನಗೂ ಹಾಗೇ ಅನಿಸಿತ್ತು. ನೋಡಿದರೆ ಅದು ಅವಳ ಕೈ. ಅವಳ ಕೈಯ ನಡುಕ ಕೂಡ ಇದೆ. ಅಳಿಸಿದರೆ ಅದೂ ಹೋಗುತ್ತದೆ. ತಗಡನ್ನು ತಿರುಗಿಸಿ ಹಿಂಭಾಗದಲ್ಲಿ ಹೆಸರು ಕೊರೆದರೆ ಹೇಗೆ, ಅಂಚು ಕಲ್ಲಿನ ಕಡೆಗೆ ಇರಲಿ ಎಂದೂ ಯೋಚಿಸಿದೆ. ಎರಡು ದಿನ ಅದನ್ನೇ ಯೋಚಿಸಿದೆ. ಆದರೆ ತಿರುಗಿಸಿಟ್ಟರೆ ಮುಚ್ಚಿಟ್ಟ ಹಾಗಾಯಿತು. ಹಾಗೇ ಬಿಟ್ಟರೆ ಇಪ್ಪತ್ತೊಂದನೆಯ ಸಲವೂ ಕೇಳದೆ ಹ್ಞೂಂ ಅಂದ ಹಾಗಾಯಿತು. ಅಂಟಿಸಿದ ಓಂ ಶಾಂತಿಗಳ ಮೇಲೆ ನಾನು ಸಾಕಿದ ಸಿಟ್ಟೆಲ್ಲ ಈಗ ಮನೆ ಹುಡುಕಿಕೊಂಡು ಬಂದಿತ್ತು. ಅವರು ಎರಡು ಸೆಕೆಂಡಿನಲ್ಲಿ ಮಾಡಿದ್ದನ್ನು ನಾನು ಹನ್ನೊಂದು ದಿನ ಕೂತು, ಉಳಿ ಹಿಡಿದು, ಬಹಳ ಚೆಂದವಾಗಿ ಮಾಡಿದ್ದೆ.

ಸೋಮವಾರ ಮಧ್ಯಾಹ್ನ, ಎಲ್ಲರೂ ಹಾಕರ್ ಸೆಂಟರಿಗೆ ಊಟಕ್ಕೆ ಹೋದ ಹೊತ್ತು ನೋಡಿ, ಫಲಕವನ್ನು ಗ್ರೈಂಡರಿಗೆ ಹಿಡಿದೆ. ಅಂಚು ಮಾತ್ರ ತೆಗೆದರೆ ತಗಡು ಅಂಕುಡೊಂಕಾಗುತ್ತದೆ, ಆದ್ದರಿಂದ ಪೂರ್ತಿ ಮುಖವನ್ನೇ ತೆಗೆಯಬೇಕು. ಅಂಚಿನ ಜೊತೆ ಹೆಸರೂ ಹೋಗಬೇಕು. ಹಿತ್ತಾಳೆ ಬೇಗ ಬಿಸಿಯಾಗುತ್ತದೆ. ನೀರಿನಲ್ಲಿ ಅದ್ದುವುದು, ಮತ್ತೆ ಹಿಡಿಯುವುದು. ಮೊದಲು ಕಪ್ಪು ಹೋಯಿತು, ಆಮೇಲೆ ತೆಳು ಗೆರೆಗಳು ಹೋದವು. ಅವಳ ಕೈ ನಡುಗಿದ ಜಾಗದಲ್ಲಿ ನಾನು ಆಳವಾಗಿ ಕೊರೆದಿದ್ದೆ, ಅದು ಎಲ್ಲಕ್ಕಿಂತ ಕೊನೆಗೆ ಹೋಯಿತು. ಮುಖದ ಮೇಲೆ, ಕನ್ನಡಕದ ಮೇಲೆ ಹಳದಿ ಪುಡಿ.

ಬಾಸ್ ಊಟ ಮುಗಿಸಿ ಕೈಯಲ್ಲಿ ಕಾಫಿ ಹಿಡಿದು ಬಂದವನು ಅಲ್ಲೇ ನಿಂತ. ಮಷಿನ್ ಆಫ್ ಮಾಡಿದೆ.

"ಅಯ್ಯಾ, ವೈ ಯು ಸ್ಪಾಯ್ಲ್? ಸೋ ನೈಸ್ ಒನ್!"

"ತಪ್ಪಾಗಿತ್ತು, ಬಾಸ್."

"ಮಿಸ್ಟೇಕ್ ಆದ್ರೆ ಹೊಸ ಪ್ಲೇಟ್ ತಗೊ ಲಾ. ಅಲ್ಲಿ ಅಷ್ಟು ಇದೆ."

"ಇದೇ ಬೇಕು."

ಅವನು ತಗಡನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಅದರ ಮೇಲೆ ಏನೂ ಇರಲಿಲ್ಲ.

"ಕಸ್ಟಮರ್ ಕಂಪ್ಲೇಂಟ್ ಮಾಡಿದ್ರಾ?"

"ಮಾಡಿದ್ದಳು, ಬಾಸ್" ಅಂದೆ. "ಟ್ವೆಂಟಿ ಟೈಮ್ಸ್. ನಾನು ಕೇಳಿಸಿಕೊಂಡಿರಲಿಲ್ಲ."